ಕೆಂಚಕ್ಕ ಹಾಕಿದ ಟ್ವೀಟರ್

ಎರ್ರಿಸ್ವಾಮಿ ಸಾಯುವ ಹಿಂದಿನ ದಿನ ಅಂಗಳದಲ್ಲಿ ಸೌಂಡ್ ಬಾಕ್ಸ್ ಬಿಚ್ಚಿಕೊಂಡು ಕೂತಿದ್ದ. ಚಿಕ್ಕಜಾಜೂರಿನಲ್ಲಿ ಮದುವೆ, ನಾಮಕರಣ ಏನಿದ್ದರೂ ಅವನದೇ ಸೌಂಡ್. ಗೆಜ್ಜೆ, ತಾಳದಂಥ ಸಣ್ಣ ಸದ್ದು ಹೊರಡಿಸುವ ಹಳೇ ಟ್ವೀಟರ್‌ಗಳು ತಗಡು ಕೆರೆದ ಹಾಗೆ ಕಿರುಚುತ್ತವೆ ಎಂದು ಜನ ಬೈದಿದ್ದರು. ನಾಲ್ಕೂ ಬಾಕ್ಸಿನವನ್ನು ಕಿತ್ತು ಹೊಸವನ್ನು ಕೂರಿಸುತ್ತಿದ್ದ. ಅವನಿಗೆ ಮಾತ್ರ ಆ ಕಿರುಚಾಟ ಕೇಳಿರಲೇ ಇಲ್ಲ. ಬಾಕ್ಸಿನ ಮಗ್ಗುಲಲ್ಲೇ ಬದುಕು ಕಳೆದು ಸಣ್ಣ ಸದ್ದು ಅವನ ಕಿವಿಗೆ ಸತ್ತಿತ್ತು. ಹೆಂಡತಿ ಕೆಂಚಕ್ಕ ಕೇಳಿ ಹೇಳಬೇಕು, ಅವನು ತಿದ್ದಬೇಕು.

“ಲೇ ಕೆಂಚಿ, ಬಂತೇನೆ?”

“ಬಂತು. ಗೆಜ್ಜೆ ಸದ್ದು ಬಿಡಿಬಿಡಿಯಾಗಿ ಕೇಳ್ತೈತೆ.”

“ನಂಗೇನೂ ಕೇಳ್ತಿಲ್ಲ ನೋಡು.”

“ಉಣ್ಣಾಕೆ ಕರೆದ್ರೂ ನಿಮ್ಗೆ ಕೇಳಲ್ಲ ಬಿಡ್ರಿ.”

ಅವನು ನಕ್ಕ. ಎರಡು ಬಾಕ್ಸ್ ಮುಗಿದವು. ಮಿಕ್ಕವು ನಾಳೆ ಎಂದ. ಮರುದಿನ ಬೆಳಿಗ್ಗೆ ಹೊಳಲ್ಕೆರೆ ರಸ್ತೆಯಲ್ಲಿ ಲಾರಿ ಗುದ್ದಿ ಸತ್ತ.

ತಿಥಿ ಮುಗಿದ ಮೇಲೆ ಮೈದುನ ದಾಸಣ್ಣ ಬಂದ. “ಅತ್ತಿಗೆ, ಬಾಕ್ಸ್ ಕೊಟ್ಬಿಡಾಣ. ಹಿರಿಯೂರಿನೋರು ಕೇಳ್ತಾ ಅವ್ರೆ.”

“ಕೊಡಲ್ಲ.”

“ಹೆಂಗಸು ಸೌಂಡ್ ಹಾಕಿದ್ದು ಎಲ್ಲಾದ್ರೂ ಐತಾ?”

“ಇಲ್ದಿದ್ರೆ ಈಗ ಆಗ್ತೈತೆ. ಎದ್ದೇಳಪ್ಪ, ವೈರ್ ಮೇಲೆ ಕುಂತಿದೀಯ.”

ಮೂರನೇ ಬಾಕ್ಸಿಗೆ ಅವಳೇ ಟ್ವೀಟರ್ ಹಾಕಿದಳು. ಹಳೆಯದಕ್ಕೆ ಇದ್ದಂತೆ ನೇರ ವೈರ್ ಕೊಟ್ಟಳು. ಹಾಡು ಏರಿಸಿದ ಕೂಡಲೇ ಸುಟ್ಟ ವಾಸನೆ ಬಂತು. ದಾಸಣ್ಣ ಬೇಲಿಯಾಚೆಯಿಂದ ನಕ್ಕ. ಅವಳು ಗಂಡ ಮುಗಿಸಿದ್ದ ಬಾಕ್ಸ್ ಬಿಚ್ಚಿ ನೋಡಿದಳು. ಅಲ್ಲಿ ವೈರಿನ ನಡುವೆ ಒಂದು ಕೆಪಾಸಿಟರ್ ಇತ್ತು. ಸುಟ್ಟ ಟ್ವೀಟರನ್ನು ಚೀಲಕ್ಕೆ ಹಾಕಿಕೊಂಡು ಚಿತ್ರದುರ್ಗದ ಬಸ್ಸು ಹತ್ತಿದಳು.

“ಹಳೇವು ಹಂಗೇ ನಡೀತಿದ್ವಮ್ಮ,” ಎಂದ ಅಂಗಡಿಯವನು. “ಇವಕ್ಕೆ ಕೆಪಾಸಿಟರ್ ಬೇಕೇ ಬೇಕು. ಇಲ್ದಿದ್ರೆ ದಪ್ಪ ಸದ್ದು ನುಗ್ಗಿ ಸುಟ್ಟಾಕ್ತೈತೆ.”

“ಸುಟ್ಟ ಮೇಲೆ ಗೊತ್ತಾಯ್ತು. ಕೊಡ್ರಿ.”

ಬೆಸುಗೆ ಹಾಕುವಾಗ ಬೆರಳಲ್ಲಿ ಬೊಬ್ಬೆ ಎದ್ದವು. ನಾಲ್ಕೂ ಬಾಕ್ಸು ಹಾಡಿದವು.

ಮೊದಲ ಕರೆ ಅದೇ ಊರಿನ ಯಲ್ಲಕ್ಕನ ಮಗಳ ಮದುವೆಗೆ ಬಂತು. ಬಾಕ್ಸ್ ಇಳಿಸುವಾಗ ಗಂಡಿನ ಕಡೆಯ ಮುದುಕನೊಬ್ಬ ಅಡ್ಡ ನಿಂತ.

“ಶುಭದ ಕೆಲಸ ಇದು. ಗಂಡ ಸತ್ತೋಳು ಚಪ್ಪರದಾಗೆ ಯಾಕೆ?”

“ಸೌಂಡ್ ಹಾಕಾಕೆ.”

“ಯಾರಾದ್ರೂ ಗಂಡಸ್ರನ್ನ ಕಳ್ಸು.”

“ಇದ್ದೊಬ್ಬ ಹೋದ. ನಾನು ವಾಪಸ್ ಹೋದ್ರೆ ಬಾಕ್ಸೂ ನನ್ ಜತೆ ಬರ್ತಾವೆ. ತಾಳಿ ಕಟ್ಟೋವಾಗ ನೀವೇ ಬಾಯಾಗೆ ವಾಲಗ ಊದ್ರಿ, ಯಜಮಾನ್ರೆ.”

ಚಪ್ಪರದಲ್ಲಿದ್ದವರೆಲ್ಲ ಗೊಳ್ಳೆಂದರು. ಯಲ್ಲಕ್ಕ ಬಂದು, “ಕರೆದೋಳು ನಾನು. ಅತ್ಲಾಗೆ ಸರೀರಿ,” ಎಂದಳು. ಮುದುಕ ಸರಿದ.

ಕೆಂಚಕ್ಕ ಮೂಲೆಗೆ ಹೋಗಲಿಲ್ಲ. ಎಲ್ಲರಿಗೂ ಕಾಣುವ ಹಾಗೆ ಚಪ್ಪರದ ನಡುವೆಯೇ ಆಂಪ್ಲಿಫೈಯರ್ ಇಟ್ಟುಕೊಂಡು ಕೂತಳು. ತಾಳಿ ಕಟ್ಟುವ ಹೊತ್ತಿಗೆ ವಾಲಗ ಏರಿಸಿದಳು. ತಾಳದ ಸದ್ದು ಹಿಂದಿನ ಸಾಲಿನವರೆಗೂ ಚೊಕ್ಕವಾಗಿ ಹೋಯಿತು. ಅವಳ ಕಣ್ಣು ತುಂಬಿತು. ಒರೆಸಿಕೊಂಡು ಇನ್ನಷ್ಟು ಏರಿಸಿದಳು.

ಬಾಕ್ಸ್ ಕೊಡುತ್ತೀರಾ ಎಂದು ಈಗ ಯಾರೂ ಕೇಳುವುದಿಲ್ಲ. ದಾಸಣ್ಣ ಮಾತು ಬಿಟ್ಟಿದ್ದಾನೆ. ಬಿಡಲಿ. ದಿನಾ ಬೆಳಿಗ್ಗೆ ಅವನು ಡೈರಿಗೆ ಹಾಲು ಒಯ್ಯುವ ಹೊತ್ತಿಗೆ ಅವಳು ಬಾಕ್ಸುಗಳನ್ನು ಎಳೆಬಿಸಿಲಿಗೆ ಎಳೆದು, ಹಳೇ ಸೀರೆಯ ತುಂಡಿನಿಂದ ಟ್ವೀಟರಿನ ಬಾಯಿಗೆ ಕೂತ ಧೂಳು ಒರೆಸುತ್ತಿರುತ್ತಾಳೆ.