ದಿಲ್ಲಿಗೆ ಹೋದ ನಮ್ಮ ಸೀನಿಯರ್

ನಮ್ಮ ಸೀನಿಯರ್ ರಾಜ್ಯಸಭೆಗೆ ಆಯ್ಕೆಯಾದ ದಿನ ಮುಳಬಾಗಿಲು ಕೋರ್ಟಿನ ಎದುರು ಪಟಾಕಿ ಹೊಡೆದವರಲ್ಲಿ ನಾನೂ ಒಬ್ಬಳು. ನೆನೆದರೆ ಈಗಲೂ ನನ್ನ ಮೇಲೇ ಸಿಟ್ಟು ಬರುತ್ತದೆ.

ಏಳು ವರ್ಷ ಅವರ ಜೂನಿಯರ್ ಆಗಿದ್ದೆ. ಆಫೀಸಿಗೆ ಯಾರೇ ಬರಲಿ, ಕೂರಿಸಿ ಆಮೇಲೆ ಮಾತಾಡಿಸುತ್ತಿದ್ದರು. ತೆಲುಗಿನವರಿಗೆ ತೆಲುಗಿನಲ್ಲೇ ಕಾನೂನು ಬಿಡಿಸಿ ಹೇಳುತ್ತಿದ್ದರು. ಕೇಸು ಮುಂದಕ್ಕೆ ಹಾಕಿಸಲು ವಾಯಿದೆ ಕೇಳುವ ವಕೀಲರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಕಕ್ಷಿದಾರ ಕೆಲಸ ಬಿಟ್ಟು ಬಂದಿರ್ತಾನೆ ಕಣಮ್ಮ, ನಾಚಿಕೆ ಆಗ್ಬೇಕು," ಎನ್ನುತ್ತಿದ್ದರು.

ಅವರು ದಿಲ್ಲಿಗೆ ಹೋದ ಮೇಲೆ ನನಗೆ ಉಳಿದದ್ದು ವಾಯಿದೆ ಕೇಳುವ ಕೆಲಸ.

ತಾಯಲೂರು ಕಡೆಯ ಒಬ್ಬ ವಿಧವೆ ಅಪ್ಪನ ಜಮೀನಿನಲ್ಲಿ ಪಾಲು ಬೇಕೆಂದು ಅಣ್ಣನ ಮೇಲೆ ದಾವೆ ಹೂಡಿದ್ದಳು. ಧೈರ್ಯ ಹೇಳಿ ಹೂಡಿಸಿದವರು ನಮ್ಮ ಸೀನಿಯರೇ. ಪ್ರತಿ ಸಲವೂ ಅವಳು, "ಸಾರ್ ಎಪ್ಪುಡೊಸ್ತಾರಮ್ಮಾ?" ಎಂದು ಕೇಳುವಳು. ಮುಂದಿನ ಸಲ ಬರ್ತಾರೆ ಅನ್ನುತ್ತಿದ್ದೆ. ಕೊನೆಗೆ ಸೀನಿಯರ್‌ಗೇ ಫೋನ್ ಮಾಡಿದೆ.

"ಅದನ್ನ ಹಾಗೇ ಎಳೀತಿರು," ಅಂದರು. "ಅವಳ ಅಣ್ಣ ಈಗ ನಮ್ಮ ಪಕ್ಷದ ಹೋಬಳಿ ಮುಖಂಡ."

ಮೈಯೆಲ್ಲ ಉರಿಯಿತು. ಇದ್ದದ್ದನ್ನು ಇದ್ದ ಹಾಗೆ ಅವಳಿಗೆ ಹೇಳಿಬಿಟ್ಟೆ. ಅವಳು ಅಳಲಿಲ್ಲ. "ಮರಿ ನುವ್ವು? ಮತ್ತೆ ನೀನು? ನೀನ್ಯಾರ ಕಡೆ?" ಎಂದಳು.

ಮುಂದಿನ ಭಾನುವಾರ ಸೀನಿಯರ್ ಊರಿಗೆ ಬಂದಿದ್ದರು. ದಾವೆಯನ್ನು ನನಗೆ ಬಿಟ್ಟುಕೊಡಲು ಆಕ್ಷೇಪವಿಲ್ಲ ಎಂಬ ಕಾಗದ ಬರೆದುಕೊಂಡು ಅವರ ಮನೆಗೆ ಹೋದೆ. ಅದೇ ಅಣ್ಣ ಅವರ ಪಕ್ಕ ಕಾಫಿ ಕುಡಿಯುತ್ತ ಕೂತಿದ್ದ.

"ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಬಗ್ಗೆ ಸದನದಲ್ಲಿ ಮಾತಾಡಿದೆ. ಟಿವೀಲಿ ನೋಡಿದ್ಯಾ?" ಅಂದರು.

"ನೋಡ್ದೆ ಸಾರ್. ಅದಕ್ಕೇ ಬಂದೆ." ಕಾಗದ ಮುಂದಿಟ್ಟೆ.

ಓದಿದರು. "ರಾಜಿ ಮಾಡ್ಸಮ್ಮ."

"ಸಹಿ ಹಾಕಿ ಸಾರ್. ಹಾಕದಿದ್ರೆ ಯಾಕೆ ಹಾಕ್ಲಿಲ್ಲ ಅಂತ ನಾಳೆ ಕೋರ್ಟಲ್ಲೇ ಹೇಳ್ತೀನಿ."

ಅವರು ಮುಖ ನೋಡದೆ ಸಹಿ ಹಾಕಿ ಕಾಗದ ತಳ್ಳಿದರು. "ನಾನು ಬೆಳೆಸಿದವಳು ನೀನು."

"ಹೌದು ಸಾರ್," ಎಂದು ಎದ್ದು ಬಂದೆ. ಆಫೀಸಿನ ಬೀಗದ ಕೈಯನ್ನೂ ಅಲ್ಲೇ ಟೀಪಾಯಿ ಮೇಲಿಟ್ಟೆ.

ವಿಚಾರಣೆಯಲ್ಲಿ ಸಾಕ್ಷಿಕಟ್ಟೆ ಹತ್ತಿದ ಅಣ್ಣನನ್ನು ಒಂದಿಡೀ ಬೆಳಗು ಪ್ರಶ್ನಿಸಿದೆ. ತೀರ್ಪು ತಂಗಿಯ ಪರವಾಯಿತು. ಅವನು ಕೋಲಾರಕ್ಕೆ ಅಪೀಲು ಹೋದ. ಕಳೆದ ತಿಂಗಳು ಮುಳಬಾಗಿಲು ವಕೀಲರು ಸೀನಿಯರ್‌ಗೆ ಸನ್ಮಾನ ಇಟ್ಟುಕೊಂಡರು, ನನ್ನನ್ನೂ ಕರೆದರು. ಹೋಗಲಿಲ್ಲ. ಅವತ್ತು ಅಪೀಲಿನ ವಿಚಾರಣೆಯಿತ್ತು. ಆ ಹೆಂಗಸೂ ನಾನೂ ಬೆಳಗಿನ ಬಸ್ಸಿಗೇ ಕೋಲಾರಕ್ಕೆ ಹೊರಟೆವು.