ನರಸಮ್ಮ ಕೇಳಿಸಿಕೊಂಡ ಮಾತು

ಆಸ್ಪತ್ರೆಯಲ್ಲಿ ಯಾರೋ ಕರೆದಂತಾಯಿತು, ಏನೋ ಕಂಡಂತಾಯಿತು ಎನ್ನುವ ಜೊತೆಯವರಿಗೆ ‘ಮೊದಲು ಸರಿಯಾಗಿ ನಿದ್ದೆ ಮಾಡಿ’ ಎಂದು ಹೇಳಿ ನಕ್ಕವಳು ನಾನು. ತುರ್ತು ಚಿಕಿತ್ಸಾ ವಿಭಾಗದಲ್ಲಿ ಹನ್ನೆರಡು ವರ್ಷದಿಂದ ನರ್ಸ್. ಕೈಗೆ ಸಿಕ್ಕ ನಾಡಿಯನ್ನು ಬಿಟ್ಟು ಬೇರೇನನ್ನೂ ನಂಬಿದವಳಲ್ಲ. ಇದನ್ನು ಬರೆಯಲು ನನಗೇ ಮುಜುಗರ.

ಆಗ ಪಾವಗಡ ಸೀಮೆಯ ಒಂದು ಸಣ್ಣ ಆಸ್ಪತ್ರೆಯಲ್ಲಿದ್ದೆ. ಹೆಸರು ಬೇಡ. ಒಂದು ಬೆಳಿಗ್ಗೆ ಹತ್ತರ ಹೊತ್ತಿಗೆ ನಾಗಲಮಡಿಕೆ ಕಡೆಯ ನರಸಮ್ಮ ಎಂಬ ಹೆಂಗಸನ್ನು ಅವಳ ಗಂಡ ಆಟೋದಲ್ಲಿ ಕರೆತಂದ.

“ಎದ್ದಾಗಿಂದ ಹೊಟ್ಟೆನೋವು ಅಂತಾಳೆ ಸಿಸ್ಟರ್. ಗ್ಯಾಸ್ ಇರ್ಬೇಕು, ಒಂದು ಇಂಜೆಕ್ಷನ್ ಹಾಕ್ಬುಡಿ.”

ಅವಳ ರೆಪ್ಪೆಗಳು ಜೋತುಬಿದ್ದಿದ್ದವು, ನಾಲಿಗೆ ತೊದಲುತ್ತಿತ್ತು. ರಾತ್ರಿ ಮಲಗಿದ್ದು ನೆಲದ ಮೇಲೆ ಎಂದ ಗಂಡ. ಮೈಮೇಲೆ ಗಾಯವಿರಲಿಲ್ಲ. ಆದರೂ ನನಗೆ ಅನುಮಾನ ಉಳಿಯಲಿಲ್ಲ, ಇದು ನಿದ್ದೆಯಲ್ಲಿದ್ದವರನ್ನು ಕಚ್ಚುವ ಕಟ್ಟುಹಾವಿನ ವಿಷ. ಅದು ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ತರಬೇತಿಯಲ್ಲಿ ಇದನ್ನೆಲ್ಲ ಕಲಿಸಿ ಸರ್ಟಿಫಿಕೇಟ್ ಕೊಟ್ಟಿದ್ದರು. ವಿಷಕ್ಕೆ ಕೊಡುವ ಔಷಧಿ ಪಕ್ಕದ ಕೋಣೆಯ ಫ್ರಿಜ್‌ನಲ್ಲೇ ಇತ್ತು. ಆದರೆ ಡಾಕ್ಟರು ಹೇಳದೆ ನಾನು ಅದನ್ನು ಮುಟ್ಟುವಂತಿಲ್ಲ. ಇದ್ದ ಒಬ್ಬ ಡಾಕ್ಟರು ಸಾಕ್ಷಿ ಹೇಳಲು ಮಧುಗಿರಿ ಕೋರ್ಟಿಗೆ ಹೋಗಿದ್ದರು. ಫೋನು ಸ್ವಿಚ್ ಆಫ್.

ಮೇಲಧಿಕಾರಿಗೆ ಫೋನ್ ಮಾಡಿದೆ. “ಹಾವು ನೋಡಿದವರು ಯಾರು? ಗಾಯ ಇಲ್ಲ ಅಂತೀರಿ. ಸುಮ್ಮನೆ ದೊಡ್ಡಾಸ್ಪತ್ರೆಗೆ ರೆಫರ್ ಮಾಡ್ರೀ,” ಎಂದರು. ಆಂಬುಲೆನ್ಸ್ ಶಿರಾಕ್ಕೆ ಹೋಗಿದ್ದು ಬಂದಿರಲಿಲ್ಲ. ಈಗ ನರ್ಸ್‌ಗಳಾದ ನಮ್ಮನ್ನು ಶುಶ್ರೂಷಾಧಿಕಾರಿ ಅನ್ನುತ್ತಾರೆ. ಬೋರ್ಡು ಬದಲಾಗಿದೆ ಅಷ್ಟೆ, ಅಧಿಕಾರವೇನೂ ಬಂದಿಲ್ಲ.

ನರಸಮ್ಮನ ಉಸಿರು ಕ್ಷೀಣಿಸಿತು. ಮುಖಕ್ಕೆ ಮಾಸ್ಕ್ ಹಿಡಿದು ಬ್ಯಾಗ್ ಒತ್ತುತ್ತಾ ಉಸಿರು ಕೊಡತೊಡಗಿದೆ. ಜೊತೆಯ ನರ್ಸ್ ನಸ್ರೀನ್ ಪಕ್ಕದಲ್ಲೇ ನಿಂತು ಡಾಕ್ಟರಿಗೆ ಮತ್ತೆ ಮತ್ತೆ ಫೋನ್ ಮಾಡುತ್ತಿದ್ದಳು. ಹೀಗೇ ನಲವತ್ತು ನಿಮಿಷ. ಬಾಯಿ ತೆರೆದರೆ ಯಾರನ್ನಾದರೂ ಬೈದುಬಿಡುತ್ತೇನೆಂದು ಹಲ್ಲು ಕಚ್ಚಿಕೊಂಡಿದ್ದೆ. ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ: ಔಷಧಿ ಹತ್ತು ಹೆಜ್ಜೆ ಆಚೆ ಇದೆ ನರಸಮ್ಮ, ತಡೆದುಕೋ, ಪಾರ್ವತಮ್ಮನ ಹಾಗೆ ಹೋಗಬೇಡ. ಪಾರ್ವತಮ್ಮ, ನಾನು ಕೊರಟಗೆರೆ ಕಡೆ ಇದ್ದಾಗ ಹೀಗೇ ಡಾಕ್ಟರಿಗೆ ಕಾದು ಕಾದು ನನ್ನ ಕೈಯಲ್ಲೇ ತೀರಿಕೊಂಡವಳು. ಅವಳ ಹೆಸರನ್ನು ನಾನು ಯಾರ ಮುಂದೆಯೂ ಎತ್ತಿರಲಿಲ್ಲ.

ಕೊನೆಗೆ ಡಾಕ್ಟರೇ ಕೋರ್ಟಿನ ಜಗಲಿಯಿಂದ ಫೋನ್ ಮಾಡಿದರು. ಲಕ್ಷಣ ಹೇಳಿ ಮುಗಿಸುವ ಮೊದಲೇ “ಶುರು ಮಾಡಮ್ಮ, ಯಾಕೆ ಕಾಯ್ತಿದ್ದೀಯ!” ಎಂದು ರೇಗಿದರು. ಯಾಕೆ ಕಾಯುತ್ತಿದ್ದೇನೆಂದು ನನ್ನನ್ನು ಕೇಳಿದರು! ಔಷಧಿ ಹನಿಯತೊಡಗಿತು. ಆಂಬುಲೆನ್ಸೂ ಬಂತು. ದೊಡ್ಡ ಆಸ್ಪತ್ರೆಯಲ್ಲಿ ವಾರವಿಡೀ ವೆಂಟಿಲೇಟರ್‌ನಲ್ಲಿದ್ದು ನರಸಮ್ಮ ಬದುಕಿಕೊಂಡಳು.

ಒಂದೂವರೆ ತಿಂಗಳ ಮೇಲೆ ಗಂಡನ ಜೊತೆ ಬಂದಳು. ನನ್ನ ಮತ್ತು ನಸ್ರೀನ್‌ಳ ಕೈ ಹಿಡಿದುಕೊಂಡು, “ನಂಗೆ ಎಲ್ಲಾ ಕೇಳುಸ್ತಿತ್ತು ಕಣಮ್ಮ, ಕಣ್ಣು ಬುಡಾಕೆ ಆಗ್ತಿರ್ನಿಲ್ಲ ಅಷ್ಟೆ,” ಎಂದಳು. ಅದರಲ್ಲಿ ವಿಶೇಷವಿಲ್ಲ. ಆ ವಿಷ ಕೈಕಾಲು ನಿಲ್ಲಿಸುತ್ತದೆ, ಪ್ರಜ್ಞೆಯನ್ನಲ್ಲ. ನಸ್ರೀನ್ “ಯಾ ಅಲ್ಲಾ, ಫೋನ್ ಎತ್ತಿ ಸಾರ್” ಎಂದದ್ದನ್ನು ಹೇಳಿದಳು, ಗಂಡ ಅತ್ತದ್ದನ್ನು ಹೇಳಿದಳು. ಎಲ್ಲ ಸರಿಯಾಗಿತ್ತು. ಆಮೇಲೆ ನನ್ನ ಕಡೆ ತಿರುಗಿದಳು.

“ನೀವು ಔಷ್ದಿ ಹತ್ತು ಹೆಜ್ಜೆ ಐತೆ, ಪಾರ್ವತಮ್ಮನಂಗೆ ಹೋಗ್ಬ್ಯಾಡ ಅಂತ ಅಂತಾನೇ ಇದ್ರಲ್ಲಮ್ಮ. ಅದ್ಕೇ ತಡ್ಕಂಡೆ. ಯಾರಮ್ಮ ಆ ಪಾರ್ವತಮ್ಮ?”

“ಗೊತ್ತಿದ್ದೋರು,” ಎಂದಷ್ಟೇ ಹೇಳಿದೆ.

ಅವರು ಹೋದ ಮೇಲೆ, ಅಂದು ನಾನು ಬಾಯಿಬಿಟ್ಟು ಏನಾದರೂ ಅಂದೆನಾ ಎಂದು ನಸ್ರೀನ್‌ಳನ್ನು ಕೇಳಿದೆ. “ನೀನು ಬಾಯೇ ಬಿಡ್ಲಿಲ್ಲ ಅಕ್ಕಾ. ನಾನೇ ಎರಡು ಸಲ ಮಾತಾಡಿಸಿದೆ, ತಿರುಗಿ ಕೂಡ ನೋಡ್ಲಿಲ್ಲ.” ಮುಂದೊಂದು ದಿನ ಸಿಕ್ಕ ನರಸಮ್ಮನ ಗಂಡನೂ ಅದನ್ನೇ ಹೇಳಿದ. ಅಂದು ಅವನು ಅವಳ ತಲೆಯ ಹತ್ತಿರವೇ ನಿಂತಿದ್ದ.

ತರಬೇತಿ ಪಡೆದ ನರ್ಸ್ ಇಂಥ ಹೊತ್ತಿನಲ್ಲಿ ಮೊದಲ ಡೋಸ್ ಕೊಡಬಹುದೆಂದು ಲಿಖಿತ ಆದೇಶ ಕೊಡಿ ಎಂದು ಮೇಲಧಿಕಾರಿಗಳಿಗೆ ಮೂರು ಸಲ ಬರೆದೆ. ಸಭೆಯಲ್ಲಿ ಎದ್ದು ನಿಂತು ಗಂಟಲು ಹರಿಯುವಂತೆ ಹೇಳಿದೆ. ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಿಟ್ಟರೆ ಏನೂ ಬರಲಿಲ್ಲ. ಕಿವಿ ನೆಟ್ಟಗಿದ್ದವರಿಗೆ ಕೂಗಿ ಹೇಳಿದರೂ ಕೇಳಿಸಲಿಲ್ಲ. ನಾನು ಆಡದೇ ಇದ್ದ ಮಾತು ಮಾತ್ರ, ರೆಪ್ಪೆ ಎತ್ತಲೂ ಆಗದ ಆ ಹೆಂಗಸಿಗೆ ಒಂದಕ್ಷರ ತಪ್ಪದೆ ಹೋಗಿ ಮುಟ್ಟಿತು. ಹೇಗೆ ಎಂದು ಕೇಳಬೇಡಿ. ನನಗೆ ಗೊತ್ತಿಲ್ಲ.