ಹೆದರಿ ಬಂದವರು, ಹೊಟ್ಟೆಪಾಡಿಗೆ ಬಂದವರು

ಮಹಾರಾಷ್ಟ್ರದ ಸಂಭಾಜಿನಗರದ ಕಾಲೇಜೊಂದರಲ್ಲಿ ಶನಿವಾರ ಅಣಕು ವಿಚಾರಣೆಯ ಸ್ಪರ್ಧೆ ಇತ್ತು. ನನಗೆ ಬಂದದ್ದು ಬ್ರಿಟಿಷರ ಕಾಲದ ಹಾಂಗ್‌ಕಾಂಗಿನ ಅಧಿಕಾರಿಯ ಪಾತ್ರ. ದೋಣಿ ಹತ್ತಿ ಬಂದ ವಿಯೆಟ್ನಾಮಿನವರನ್ನು ನಾನು ವಿಚಾರಿಸಬೇಕು. ಜೀವಭಯದಿಂದ ಬಂದವರಿಗೆ ಬೇರೆ ದೇಶದಲ್ಲಿ ನೆಲೆ, ಹೊಟ್ಟೆಪಾಡಿಗೆ ಬಂದವರು ವಾಪಸ್. ಆಗಿನ ಸರಕಾರದ ನೀತಿ ಹಾಗಿತ್ತು. ತೀರ್ಪು ಹೇಳದಿದ್ದರೆ ನಮ್ಮ ತಂಡಕ್ಕೆ ಅಂಕವಿಲ್ಲ.

ಶುಕ್ರವಾರ ಸಂಜೆ ನಾಸಿಕ್‌ನ ಮನೆಯಲ್ಲಿ ಅಭ್ಯಾಸಕ್ಕೆಂದು ಅಪ್ಪನನ್ನೇ ಎದುರಿಗೆ ಕೂರಿಸಿಕೊಂಡೆ. ಅಪ್ಪ ಬೀದರಿನಿಂದ ಬಂದು ಇಲ್ಲಿನ ಸಾತಪುರದ ಕಾರ್ಖಾನೆ ಸೇರಿದವರು.

"ಊರು ಯಾಕ ಬಿಟ್ರಿ?"

"ಹೊಟ್ಟಿಪಾಡಿಗಿ."

"ಹಂಗಾದ್ರ ವಾಪಸ್ ಹೋಗ್ರಿ."

"ಕಳಸು, ಕಳಸು. ನನಗೂ ಒಂದೀಟು ಹಗುರ ಆಗ್ತದ," ಎಂದು ಅಡುಗೆಮನೆಯಿಂದ ಅವ್ವ ನಕ್ಕಳು.

ಅಪ್ಪ ನಗಲಿಲ್ಲ. "ನಾ ಬಂದ ದಿನ ನಮ್ಮ ಕಡಿಯವರ ಮನ್ಯಾಗ ಇಳಿದೆ. ಮೊದಲ ಉಣ್ಣಾಕ ನೀಡಿದ್ರು. ಯಾಕ ಬಂದಿ ಅಂತ ತಿಂಗಳಾದ್ರೂ ಕೇಳಲಿಲ್ಲ."

ನಮ್ಮ ಮನೆಯಲ್ಲೂ ಅದೇ ಪದ್ಧತಿ. ಊರಿನಿಂದ ಬಂದವರಿಗೆ ಮೊದಲು ರೊಟ್ಟಿ, ಆಮೇಲೆ ಮಾತು. ಆದರೆ ಹಾಂಗ್‌ಕಾಂಗಿನ ಶಿಬಿರಗಳು ತುಂಬಿಹೋಗಿದ್ದವು ಎಂದೂ ಓದಿದ್ದೆ. ಯಾವುದು ಸರಿಯೋ ಗೊತ್ತಾಗಲಿಲ್ಲ.

ಮರುದಿನ ವೇದಿಕೆಯ ಮೇಲೆ ನಿರಾಶ್ರಿತೆಯ ಪಾತ್ರದ ಹುಡುಗಿ ಎದುರು ನಿಂತಳು. ಯಾಕೆ ಬಂದೆ ಎಂದು ಕೇಳಬೇಕಿದ್ದ ನಾನು ಮರಾಠಿಯಲ್ಲಿ, "ಜೇವಣ ಝಾಲಂ ಕಾ?" ಎಂದು ಊಟದ ವಿಷಯ ಕೇಳಿಬಿಟ್ಟೆ. ಸಭೆಯೆಲ್ಲ ನಕ್ಕಿತು. ಅವಳು ಮಾತ್ರ ಪಾತ್ರ ಬಿಡದೆ, ಇಲ್ಲವೆಂದು ತಲೆಯಾಡಿಸಿದಳು.

ಆ ಉತ್ತರವನ್ನು ಹೆದರಿಕೆಯ ಕಡೆ ಬರೆದುಕೊಳ್ಳಬೇಕೋ ಹೊಟ್ಟೆಪಾಡಿನ ಕಡೆಯೋ ತಿಳಿಯಲಿಲ್ಲ. ಸಮಯ ಮುಗಿಯಿತೆಂದು ಗಂಟೆ ಬಾರಿಸಿದರು. ತೀರ್ಪು ಹೇಳದೆಯೇ ವೇದಿಕೆ ಇಳಿದೆ.